ನಮ್ಮ ಕೆರೆಗೆ ಅಂಗಳವೂ ಬೇಕು

ಕೆರೆಯಲ್ಲಿ ನೀರಿದ್ದರೆ ಹಕ್ಕಿ ತಾನಾಗಿಯೇ ಬರುತ್ತದೆ ಎಂಬ ಮಾತನ್ನು ಕೋಲಾರದ ಕಡೆ ಈಗ ಎಲ್ಲರೂ ಆಡುತ್ತಾರೆ. ಪಂಚಾಯಿತಿ ಸದಸ್ಯರು ಹೇಳುತ್ತಾರೆ, ಕೆರೆ ಕಾಮಗಾರಿಯ ಗುತ್ತಿಗೆದಾರರು ಹೇಳುತ್ತಾರೆ, ಭಾನುವಾರ ಬೆಂಗಳೂರಿನಿಂದ ಕ್ಯಾಮೆರಾ ಹಿಡಿದು ಬರುವವರೂ ಹೇಳುತ್ತಾರೆ. ಅದು ಅರ್ಧ ನಿಜ. ನೀರು ಇಳಿದಾಗ ತೆರೆದುಕೊಳ್ಳುವ ಕೆರೆಯ ಅಂಗಳವೂ ಹಕ್ಕಿಗೆ ಬೇಕು ಎಂಬ ಉಳಿದರ್ಧವನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ, ಏಕೆಂದರೆ ನಮ್ಮೂರ ಕೆರೆಯ ಹಿನ್ನೀರಿನ ಬದಿಗೆ ಜೆಸಿಬಿ ಬರುವ ದಿನ ಹತ್ತಿರವಾಗುತ್ತಿದೆ.

ನಾನು ಪಶುವೈದ್ಯಕೀಯ ಪರೀಕ್ಷಕ. ಕೋಲಾರ ತಾಲ್ಲೂಕಿನ ಹತ್ತಾರು ಹಳ್ಳಿಗಳ ದನ, ಎಮ್ಮೆ, ಕುರಿಗಳಿಗೆ ಲಸಿಕೆ ಹಾಕುವುದು, ಸೀಮೆಹಸುಗಳಿಗೆ ಗರ್ಭಧಾರಣೆ ಮಾಡಿಸುವುದು, ಕೆಚ್ಚಲು ಬಾವು ಬಂದರೆ ನೋಡುವುದು ನನ್ನ ಕೆಲಸ. ಊರಿನವರು ಪ್ರೀತಿಯಿಂದ ಡಾಕ್ಟರೇ ಎನ್ನುತ್ತಾರೆ. ಬೈಕಿನ ಹಿಂದೆ ದ್ರವ ಸಾರಜನಕದ ಕ್ಯಾನ್, ಮುಂದಿನ ಚೀಲದಲ್ಲಿ ಔಷಧಿ ಪೆಟ್ಟಿಗೆ, ಅದರ ಪಕ್ಕದಲ್ಲಿ ದುರ್ಬೀನು. ಹಾಲು ಕರೆಯುವ ಹೊತ್ತಿಗೆ ಹಳ್ಳಿಯಲ್ಲಿರಬೇಕಾದ್ದರಿಂದ ಬೆಳಕು ಹರಿಯುವಾಗಲೇ ಮನೆ ಬಿಡುತ್ತೇನೆ. ನಮ್ಮ ಕಡೆ ಒಂದು ಹಳ್ಳಿಯಿಂದ ಇನ್ನೊಂದಕ್ಕೆ ಹೋಗುವ ದಾರಿ ಹೆಚ್ಚಾಗಿ ಯಾವುದಾದರೂ ಕೆರೆ ಏರಿಯ ಮೇಲೆಯೇ ಹಾದುಹೋಗುತ್ತದೆ. ಹೀಗೆ ಕೆಲಸದ ದಾರಿಯಲ್ಲೇ ಹಕ್ಕಿ ನೋಡುವುದು ಅಂಟಿಕೊಂಡಿತು. ಅದಕ್ಕೆಂದು ಬೇರೆ ಸಮಯ ಹೊಂದಿಸಿಕೊಂಡವನಲ್ಲ.

ಬಯಲುಸೀಮೆಯ ಈ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಪಾಲಾರ್ ನದಿಯ ಹೆಸರಿದೆ, ನೀರು ಮಳೆ ಬಂದಾಗ ಮಾತ್ರ. ಅದಕ್ಕಾಗಿಯೇ ಹಿರಿಯರು ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಸರಪಳಿಯಾಗಿ ಸಾವಿರಾರು ಕೆರೆಗಳನ್ನು ಕಟ್ಟಿದರು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಆ ಕೆರೆಗಳಲ್ಲಿ ಹೆಚ್ಚಿನವು ಹೆಸರಿಗೆ ಮಾತ್ರ ಕೆರೆಗಳಾಗಿದ್ದವು. ಕೊಳವೆಬಾವಿ ಸಾವಿರದ ಇನ್ನೂರು, ಸಾವಿರದ ಐನೂರು ಅಡಿಗೆ ಇಳಿದಿತ್ತು. ಕೆರೆಯೊಳಗೆ ಜಾಲಿ ಬೆಳೆದಿತ್ತು, ಖಾಲಿ ಜಾಗದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು, ಇಟ್ಟಿಗೆ ಗೂಡಿನವರು ಮಣ್ಣು ತೆಗೆಯುತ್ತಿದ್ದರು. ಆಗಲೂ ಅಲ್ಲಿ ಹಕ್ಕಿಗಳಿದ್ದವು ಎಂಬುದನ್ನು ಈಗ ನೆನಪಿಸಬೇಕಾಗಿದೆ. ಒಣ ಹುಲ್ಲಿನ ಮೇಲೆ ನೆಲಗುಬ್ಬಿಗಳು ಮೇಲಕ್ಕೆ ಚಿಮ್ಮಿ ಕೂಗುತ್ತ ಕೆಳಕ್ಕೆ ಬೀಳುತ್ತಿದ್ದವು. ಚಳಿಗಾಲದಲ್ಲಿ ಸೆಳೆವಗಳು ಹುಲ್ಲಿಗೆ ಎದೆ ತಾಗುವಷ್ಟು ಕೆಳಗೆ ತೇಲುತ್ತ ಇಲಿ, ಮಿಡತೆಗಳನ್ನು ಹುಡುಕುತ್ತಿದ್ದವು. ಕರೆಂಟ್ ತಂತಿಯ ಮೇಲೆ ನೀಲಕಂಠ, ಜಾಲಿ ಪೊದೆಯ ಬುಡದಲ್ಲಿ ಗೌಜಲಹಕ್ಕಿ ಮತ್ತು ಬುರ್ಲಿ, ಬಿರುಕು ಬಿಟ್ಟ ನೆಲದ ಮೇಲೆ ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಟ್ಟು ಹತ್ತಿರ ಹೋದವರ ತಲೆಯ ಮೇಲೆ ಕಿರುಚಿಕೊಂಡು ಹಾರುವ ಟಿಟ್ಟಿಭ. ಬತ್ತಿದ ಕೆರೆ ಬರದ ಗುರುತು ಎಂದು ನಾವು ಕಣ್ಣು ತಿರುಗಿಸಿಕೊಂಡಿದ್ದೆವು. ಹಕ್ಕಿಗಳು ಹಾಗೆ ತಿರುಗಿಸಿಕೊಂಡಿರಲಿಲ್ಲ.

2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಬೆಂಗಳೂರಿನ ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಯ ಒಳಚರಂಡಿ ನೀರನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ, ದಿನಕ್ಕೆ 440 ದಶಲಕ್ಷ ಲೀಟರ್‌ನಂತೆ ಪಂಪ್ ಮಾಡಿ 126 ಕೆರೆಗಳನ್ನು ತುಂಬಿಸುವುದು ಯೋಜನೆ. ಇದೇ ಬಗೆಯ ಎಚ್.ಎನ್. ವ್ಯಾಲಿ (ಹೆಬ್ಬಾಳ ಮತ್ತು ನಾಗವಾರ ಕಣಿವೆ) ಯೋಜನೆಯ ನೀರು ಚಿಕ್ಕಬಳ್ಳಾಪುರದ ಕಡೆಗೆ ಹೋಯಿತು. ಒಂದೇ ತಿಂಗಳಲ್ಲಿ ಲಕ್ಷ್ಮೀಸಾಗರದಲ್ಲಿ ನೊರೆ ಎದ್ದಿತು. ವಿಷಯ ಹೈಕೋರ್ಟ್‌ಗೆ ಹೋಯಿತು, ನೀರು ನಿಂತಿತು, ಮತ್ತೆ ಬಂತು, ಸುಪ್ರೀಂ ಕೋರ್ಟ್‌ಗೂ ಹೋಯಿತು. ನೀರಿನಲ್ಲಿ ಉಳಿದ ಸಾರಜನಕ, ರಂಜಕದಂಥವನ್ನೂ ತೆಗೆಯುವ ಮೂರನೇ ಹಂತದ ಶುದ್ಧೀಕರಣ ಆಗಲೇಬೇಕೆಂಬ ಒತ್ತಾಯ ಇಂದಿಗೂ ನಿಂತಿಲ್ಲ, ಅದು ನನ್ನ ಒತ್ತಾಯವೂ ಹೌದು. ಆದರೂ ನಮ್ಮೂರ ಕೆರೆಗೆ ಮೇಲಿನ ಕೆರೆಯ ಕೋಡಿಯಿಂದ ನೀರು ಹರಿದು ಬಂದ ದಿನ ಹೆಂಗಸರು ಅರಿಸಿನ ಕುಂಕುಮ ಹಾಕಿ ಬಾಗಿನ ಬಿಟ್ಟದ್ದನ್ನು ನಾನು ಮರೆಯಲಾರೆ. ಕೆರೆಯಲ್ಲಿ ನೀರನ್ನೇ ಕಂಡಿರದ ಹೈಸ್ಕೂಲು ಮಕ್ಕಳು ಆ ಗುಂಪಿನಲ್ಲಿದ್ದರು. ಬತ್ತಿದ್ದ ಬಾವಿಗಳಲ್ಲಿ ಮತ್ತೆ ನೀರು ಕಂಡಿತು. ಈ ನೀರಿನ ವಿರುದ್ಧ ನಾನು ಬರೆಯುತ್ತಿಲ್ಲ.

ನೀರು ಬಂದ ಮೊದಲ ವರ್ಷದಂಥ ಹಕ್ಕಿಗಳ ಕಾಲವನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ. ನೀರು ಒಂದೇ ಸಲ ತುಂಬಲಿಲ್ಲ. ಒಣ ಅಂಗಳದ ಮೇಲೆ ತೆಳುವಾಗಿ ಹರಡಿಕೊಂಡು, ತಗ್ಗುಗಳಲ್ಲಿ ನಿಂತು, ಹುಲ್ಲಿನ ಬುಡ ನೆನೆಸುತ್ತ ದಿನಕ್ಕೆ ಸ್ವಲ್ಪ ಸ್ವಲ್ಪವೇ ಏರಿತು. ಬಿಲದೊಳಗಿದ್ದ ಹುಳು, ಮಿಡತೆ, ಚೇಳುಗಳು ಮೇಲೆ ಬಂದವು. ಅವುಗಳ ಹಿಂದೆಯೇ ಬೆಳ್ಳಕ್ಕಿಗಳೂ ಕೆಂಬರಲುಗಳೂ ಬಂದವು. ಆಮೇಲೆ ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿಗಳು, ಬಾಲ ಕುಣಿಸುವ ಸಿಪಿಲೆಗಳು, ಕೆಸರಿಗೆ ಕೊಕ್ಕು ಚುಚ್ಚುತ್ತ ಸಾಲಾಗಿ ಓಡಾಡುವ ಗೊರವಗಳು. ಆ ಚಳಿಗಾಲ ಲಿಟಲ್ ಸ್ಟಿಂಟ್ ಎಂಬ ಪುಟ್ಟ ಗೊರವಗಳ ದೊಡ್ಡ ಗುಂಪು ನಮ್ಮ ಕೆರೆಯಲ್ಲಿ ಇಳಿದಿತ್ತು. ಸುಮಾರು 25 ಗ್ರಾಂ ತೂಕದ ಹಕ್ಕಿ ಅದು. ಮರಿ ಮಾಡುವುದು ಉತ್ತರ ಧ್ರುವದ ಬಳಿಯ ತಂಪು ಬಯಲಿನಲ್ಲಿ, ಚಳಿಗಾಲ ಕಳೆಯುವುದು ನಮ್ಮಂಥ ಕಡೆ. ಅಷ್ಟು ದೂರ ಹಾರಿ ಬಂದ ಹಕ್ಕಿ ನಮ್ಮೂರಿನ ದನದ ಗೊರಸಿನ ಗುಂಡಿಯಲ್ಲಿ ನಿಂತ ನೀರಿನಲ್ಲಿ ಹುಳು ಹೆಕ್ಕುತ್ತಿತ್ತು. ನಾನು ಬೈಕ್ ನಿಲ್ಲಿಸಿ ಏರಿಯ ಕಲ್ಲಿನ ಮೇಲೆ ಕುಳಿತವನು ಎದ್ದಾಗ ಒಬ್ಬ ರೈತನ ಮೂರು ಕರೆಗಳು ತಪ್ಪಿಹೋಗಿದ್ದವು.

ನೀರು ಇನ್ನೂ ಏರಿದಂತೆ ನೋಟ ಬದಲಾಯಿತು. ನಾಮದ ಕೋಳಿ, ಗುಳುಮುಳುಕ, ಚುಕ್ಕೆಕೊಕ್ಕಿನ ಬಾತು, ಜೊಂಡು ಬೆಳೆದ ಕಡೆ ನೇರಳೆ ಬಣ್ಣದ ಜಂಬುಕೋಳಿ ಬಂದವು. ಅಂಗಳದಲ್ಲಿದ್ದ ಕರಿಜಾಲಿ ಮರಗಳು ಸೊಂಟದವರೆಗೆ ನೀರಿನಲ್ಲಿ ನಿಂತವು. ಸುತ್ತ ನೀರು ಇದ್ದರೆ ನಾಯಿ, ಬೆಕ್ಕು, ಮನುಷ್ಯ ಯಾರೂ ಗೂಡಿನ ಹತ್ತಿರ ಸುಳಿಯಲಾರರು. ನೀರುಕಾಗೆಗಳೂ ಬೆಳ್ಳಕ್ಕಿಗಳೂ ಇರುಳು ಬಕಗಳೂ ಆ ಮರಗಳಲ್ಲಿ ಗೂಡು ಕಟ್ಟಿದವು. ಮರದ ಎಲೆ ಹಿಕ್ಕೆಯಿಂದ ಬೆಳ್ಳಗಾಯಿತು, ಸಂಜೆ ಮರಿಗಳ ಕೂಗು ಊರಿನವರೆಗೆ ಕೇಳುತ್ತಿತ್ತು. ಕೆಲವು ಕೆರೆಗಳಲ್ಲಿ ನೀರು ಬರುವ ಮೊದಲೇ ಮರಗಳನ್ನು ಹರಾಜು ಹಾಕಿ ಕಡಿಸಿದ್ದರು. ನಮ್ಮಲ್ಲಿ ಯಾವುದೋ ಕಾಗದ ತಡವಾಗಿ ಮರಗಳು ಉಳಿದವು. ಆ ವಿಳಂಬಕ್ಕೆ ನಾನು ಕೃತಜ್ಞ. 2021ರ ನವೆಂಬರ್‌ನಲ್ಲಿ ದೊಡ್ಡ ಮಳೆಯೂ ಸೇರಿ ಜಿಲ್ಲೆಯ ಕೆರೆಗಳು ಸಾಲುಸಾಲಾಗಿ ಕೋಡಿ ಹರಿದವು. ಹೆಜ್ಜಾರ್ಲೆಗಳ ಗುಂಪು ಬಂದು ಕೆರೆಯ ನಡುವೆ ತೇಲಿದಾಗ ಪಕ್ಕದೂರಿನಿಂದಲೂ ಜನ ನೋಡಲು ಬಂದರು.

ಅಲ್ಲಿಂದಾಚೆಗೆ ನಮ್ಮ ಕೆರೆಯ ನೀರು ಇಳಿಯಲೇ ಇಲ್ಲ.

ಇದು ಯಾರಿಗೂ ತೊಂದರೆಯಾಗಿ ಕಾಣುವುದಿಲ್ಲ, ವರವಾಗಿಯೇ ಕಾಣುತ್ತದೆ. ಅದಕ್ಕಾಗಿಯೇ ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಹಿಂದಿನ ಕೆರೆಗೆ ಒಂದು ವರ್ಷದ ಲಯವಿತ್ತು. ಮುಂಗಾರು, ಹಿಂಗಾರಿನಲ್ಲಿ ತುಂಬುತ್ತಿತ್ತು. ನೀರುಗಂಟಿ ತೂಬು ಎತ್ತಿ ಅಚ್ಚುಕಟ್ಟಿನ ಗದ್ದೆಗಳಿಗೆ ನೀರು ಹಂಚುತ್ತಿದ್ದ. ಸಂಕ್ರಾಂತಿಯ ಹೊತ್ತಿಗೆ ನೀರು ಹಿಂದೆ ಸರಿದು ಅಂಚಿನಲ್ಲಿ ಕೆಸರು ತೆರೆದುಕೊಳ್ಳುತ್ತಿತ್ತು, ಶಿವರಾತ್ರಿ ದಾಟಿದರೆ ಅರ್ಧ ಅಂಗಳ ಹುಲ್ಲಾಗುತ್ತಿತ್ತು. ದನಕರು ಅಲ್ಲಿ ಮೇಯುತ್ತಿದ್ದವು, ಸೆಗಣಿ ಬೀಳುತ್ತಿತ್ತು, ರೈತರು ಗೋಡು ಮಣ್ಣನ್ನು ಗಾಡಿಯಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು. ಮತ್ತೆ ಮಳೆ ಬಂದಾಗ ಆ ಹುಲ್ಲು ಮತ್ತು ಸೆಗಣಿ ನೀರಿನಲ್ಲಿ ಕೊಳೆತು, ಅದರಿಂದ ಹುಳು, ಹುಳುವಿನಿಂದ ಮೀನು, ಮೀನಿನಿಂದ ಹಕ್ಕಿ. ದೂರದಿಂದ ಬರುವ ಗೊರವಗಳೂ ಬಾತುಗಳೂ ನಮ್ಮ ನೆಲ ತಲುಪುವ ಕಾಲಕ್ಕೂ ನೀರು ಹಿಂದೆ ಸರಿದು ಕೆಸರು ಬಿಡುವ ಕಾಲಕ್ಕೂ ಹೊಂದಿಕೆ ಇತ್ತು.

ಈಗ ಮೇಲಿನಿಂದ ದಿನವೂ ನೀರು ಬರುತ್ತಿದೆ. ಯೋಜನೆ ಅಂತರ್ಜಲ ಹೆಚ್ಚಿಸಲು ಮಾತ್ರ ಇರುವುದರಿಂದ ಕೆರೆಯಿಂದ ನೇರವಾಗಿ ನೀರೆತ್ತುವಂತಿಲ್ಲ. ಹೀಗಾಗಿ ತೂಬು ತುಕ್ಕು ಹಿಡಿದು ಕೂತಿದೆ. ಕೆರೆ ವರ್ಷದ ಹನ್ನೆರಡು ತಿಂಗಳೂ ಒಂದೇ ಮಟ್ಟದಲ್ಲಿದೆ. ಪುಟ್ಟ ಗೊರವದ ಕೊಕ್ಕು ಎರಡು ಸೆಂಟಿಮೀಟರ್‌ಗಿಂತ ಉದ್ದವಿರುವುದಿಲ್ಲ. ಅದಕ್ಕೆ ಬೇಕಾದದ್ದು ಒದ್ದೆ ಕೆಸರು, ಮೇಲೆ ಒಂದು ಪದರ ನೀರು. ಉದ್ದ ಕಾಲಿನ ಮೆಟ್ಟುಗಾಲು ಹಕ್ಕಿಯೂ ಒಂದು ಗೇಣು ನೀರಿನವರೆಗೆ ಇಳಿಯಬಲ್ಲದು, ಆಮೇಲಿಲ್ಲ. ಸೂಜಿಬಾಲದ ಬಾತು, ಚಲುಕ ಬಾತುಗಳು ಪೂರ್ತಿ ಮುಳುಗಿ ಮೇಯುವ ಜಾತಿಯಲ್ಲ, ತಲೆ ಕೆಳಗೆ ಮಾಡಿ ಕತ್ತು ಎಟುಕುವಷ್ಟು ಆಳದಲ್ಲಿ ಮೇಯುತ್ತವೆ. ಹತ್ತು ಅಡಿ ನೀರಿನಲ್ಲಿ ಸುಖವಾಗಿರುವವು ನೀರುಕಾಗೆ, ಗುಳುಮುಳುಕ, ಹೆಜ್ಜಾರ್ಲೆಯಂಥ ಕೆಲವು ಮಾತ್ರ. ನಮ್ಮ ಕೆರೆಯಲ್ಲಿ ಈಗ ಕಾಣುವುದು ಅವೇ. ಗೊರವಗಳು ಒಂದೊಂದಾಗಿ ಕಡಿಮೆಯಾಗಿ, ಈಗ ಕೋಡಿಯ ಬಳಿ ಒಂದೋ ಎರಡೋ ಸಿಕ್ಕರೆ ಸಿಕ್ಕವು. ಹೊರಗಿನಿಂದ ನೋಡುವವರಿಗೆ ಕೆರೆ ತುಂಬ ಹಕ್ಕಿ ಇದೆ ಎಂದೇ ಅನಿಸುತ್ತದೆ. ಎಷ್ಟು ಬಗೆ ಉಳಿದಿವೆ ಎಂದು ನೋಡಿದರೆ ನಷ್ಟ ತಿಳಿಯುತ್ತದೆ.

ಆ ಲೆಕ್ಕ ನಮ್ಮ ಬಳಿ ಇದೆ, ಏಕೆಂದರೆ ನಾವು ಎಣಿಸುತ್ತೇವೆ. 1987ರಲ್ಲಿ ಭಾರತ ಉಪಖಂಡದಲ್ಲಿ ಶುರುವಾದ ಏಷ್ಯಾದ ನೀರುಹಕ್ಕಿ ಗಣತಿ ಪ್ರತಿ ಜನವರಿಯಲ್ಲಿ ನಡೆಯುತ್ತದೆ. ಫೆಬ್ರವರಿಯಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್. ಇದರಲ್ಲಿ ಭಾರತ 2013ರಿಂದ ಸೇರಿದೆ. ಒಂದು ಜಾಗದಲ್ಲಿ ಕನಿಷ್ಠ ಹದಿನೈದು ನಿಮಿಷ ನಿಂತು, ಕಂಡ ಹಾಗೂ ಕೇಳಿದ ಹಕ್ಕಿಗಳನ್ನೆಲ್ಲ ಎಣಿಸಿ, ಇ-ಬರ್ಡ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಪಟ್ಟಿ ಹಾಕಬೇಕು. ನಮ್ಮದು ಸಂಘವಲ್ಲ, ಹೆಸರೂ ಇಲ್ಲ. ಹಾಲಿನ ಡೇರಿಯ ಟೆಸ್ಟರ್ ಒಬ್ಬ, ರೇಷ್ಮೆ ಸಾಕುವ ಒಬ್ಬ ಅಕ್ಕ, ಡಿಗ್ರಿ ಓದುತ್ತಿರುವ ಅವರ ಮಗಳು, ನಾನು, ಆಗಾಗ ಸೇರಿಕೊಳ್ಳುವ ಶಾಲೆಯ ಮಕ್ಕಳು. ಆ ಹುಡುಗಿಗೆ ದೂರದ ಬಾತುಗಳನ್ನು ಗುರುತಿಸುವ ಕಣ್ಣು ನನಗಿಂತ ಚುರುಕು. ಹಾರುವ ಗುಂಪನ್ನು ಹತ್ತರ ಕಟ್ಟುಗಳಾಗಿ ಎಣಿಸುವುದನ್ನು ಅವಳೇ ಮಕ್ಕಳಿಗೆ ಕಲಿಸಿದಳು. ಮೊದಲ ಹತ್ತನ್ನು ಬಿಡಿಯಾಗಿ ಎಣಿಸಿ ಆ ಅಳತೆಯನ್ನು ಕಣ್ಣಿನಲ್ಲಿ ಹಿಡಿದುಕೊಂಡು ಉಳಿದ ಗುಂಪಿನ ಮೇಲೆ ಸರಿಸುತ್ತ ಹೋಗುವುದು. ರೇಷ್ಮೆ ಹುಳು ತಟ್ಟೆಗೆ ಬಿಡುವಾಗ ಅವಳ ಅಮ್ಮ ಮಾಡುವುದೂ ಇದನ್ನೇ ಎಂದು ಅವಳು ಹೇಳುತ್ತಾಳೆ.

ನಮ್ಮಂಥ ಸಾಮಾನ್ಯರ ಪಟ್ಟಿಗಳು ಎಲ್ಲಿಗೆ ಹೋಗುತ್ತವೆ ಎಂದು ಕೇಳುವವರಿಗೆ 2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಯನ್ನು ತೋರಿಸುತ್ತೇನೆ. ದೇಶದ ಸುಮಾರು 30 ಸಾವಿರ ಹಕ್ಕಿ ವೀಕ್ಷಕರು ದಾಖಲಿಸಿದ 3 ಕೋಟಿ ವೀಕ್ಷಣೆಗಳನ್ನು ಆಧರಿಸಿ 942 ಪ್ರಭೇದಗಳನ್ನು ಅದರಲ್ಲಿ ಪರಿಶೀಲಿಸಿದ್ದಾರೆ. ದೀರ್ಘಕಾಲದ ಏರಿಳಿತವನ್ನು ಹೇಳಲು ಸಾಧ್ಯವಾದ 338 ಪ್ರಭೇದಗಳಲ್ಲಿ ಶೇ 60ರಷ್ಟು ಇಳಿಮುಖವಾಗಿವೆ. ಹೆಚ್ಚು ಪೆಟ್ಟು ತಿಂದವುಗಳಲ್ಲಿ ಬಯಲಿನ ಹಕ್ಕಿಗಳು, ಬೇಟೆಹಕ್ಕಿಗಳು, ವಲಸೆ ಬರುವ ಗೊರವಗಳು ಮತ್ತು ಬಾತುಗಳಿವೆ. ಅಂದರೆ ನಮ್ಮ ಕೆರೆಯ ಒಣ ಅಂಗಳದಿಂದ ಹೋದವು ಮತ್ತು ಒದ್ದೆ ಅಂಚಿನಿಂದ ಹೋಗುತ್ತಿರುವವು. ನಮ್ಮ ರಾಜ್ಯಪಕ್ಷಿ ನೀಲಕಂಠದ ಅಪಾಯದ ಮಟ್ಟವನ್ನೂ ಮತ್ತೆ ಅಳೆಯಬೇಕೆಂದು ಅದೇ ವರದಿ ಶಿಫಾರಸು ಮಾಡಿದೆ. ದಸರೆಯ ದಿನ ಕಂಡರೆ ಶುಭ ಎನ್ನುವ ಹಕ್ಕಿ. ಅದಕ್ಕೆ ಬೇಕಾಗಿರುವುದು ಕೂರಲು ಒಂದು ಎತ್ತರದ ಕೊಂಬೆ, ಕೆಳಗೆ ಹುಳು ಕಾಣುವಂಥ ಗಿಡ್ಡ ಹುಲ್ಲಿನ ನೆಲ, ಗೂಡಿಗೆ ಹಳೆಯ ಮರದ ಪೊಟರೆ. ಗೋಮಾಳಗಳು ಬಡಾವಣೆಯಾಗಿ, ಹೊಲಗಳು ಪ್ಲಾಸ್ಟಿಕ್ ಹೊದಿಸಿದ ಟೊಮೆಟೊ ತೋಟಗಳಾಗಿ, ರಸ್ತೆ ಅಗಲೀಕರಣಕ್ಕೆ ಸಾಲುಮರಗಳು ಹೋದ ಮೇಲೆ ಆ ಮೂರೂ ಒಟ್ಟಿಗೆ ಸಿಗುವ ಜಾಗ ನಮ್ಮ ಹೋಬಳಿಯಲ್ಲಿ ಬೆರಳೆಣಿಕೆಯಷ್ಟು.

ದನದ ಡಾಕ್ಟರಿಗೆ ಹಕ್ಕಿಯ ಉಸಾಬರಿ ಏಕೆ ಎಂದು ನನ್ನನ್ನು ಕೇಳಿದವರಿದ್ದಾರೆ. ನಮ್ಮ ಇಲಾಖೆಯಲ್ಲಿ ಕೆಲಸ ಮಾಡುವ ಯಾರೂ ಆ ಪ್ರಶ್ನೆ ಕೇಳಬಾರದು. ಜ್ವರ, ನೋವಿಗೆಂದು ದನಗಳಿಗೆ ಧಾರಾಳವಾಗಿ ಕೊಡುತ್ತಿದ್ದ ಡೈಕ್ಲೋಫೆನಾಕ್, ಆ ದನ ಸತ್ತ ಮೇಲೆ ಅದನ್ನು ತಿಂದ ರಣಹದ್ದುಗಳ ಮೂತ್ರಪಿಂಡವನ್ನು ಕೆಡಿಸಿ ಕೊಂದಿತು. ದೇಶದ ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಹೋದವು. 2006ರಲ್ಲಿ ಜಾನುವಾರುಗಳಿಗೆ ಅದರ ಬಳಕೆ ನಿಷೇಧವಾಯಿತು, 2023ರಲ್ಲಿ ಕೀಟೋಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್ ಕೂಡ ನಿಷೇಧವಾದವು. ನಿವೃತ್ತರಾದ ನನ್ನ ಹಿರಿಯ ಸಹೋದ್ಯೋಗಿಯೊಬ್ಬರು, ಊರಾಚೆ ಎಸೆದ ಎತ್ತಿನ ಹೆಣವನ್ನು ಸಂಜೆಯೊಳಗೆ ಮೂಳೆ ಮಾಡಿಬಿಡುತ್ತಿದ್ದ ರಣಹದ್ದುಗಳನ್ನು ಕೋಲಾರದಲ್ಲೇ ನೋಡಿದವರು. ನಾನು ನೋಡಲು ರಾಮನಗರದ ರಾಮದೇವರ ಬೆಟ್ಟಕ್ಕೆ ಹೋಗಬೇಕಾಯಿತು. ಹಸುವಿನ ಕತ್ತಿಗೆ ಚುಚ್ಚಿದ ಸೂಜಿ ಆಕಾಶವನ್ನು ಖಾಲಿ ಮಾಡಬಲ್ಲದು ಎಂದು ತಿಳಿದ ಮೇಲೆ ನನ್ನ ಪೆಟ್ಟಿಗೆಯಲ್ಲಿ ನೋವಿಗೆ ಇರುವುದು ರಣಹದ್ದಿಗೆ ಅಪಾಯವಿಲ್ಲದ ಮೆಲಾಕ್ಸಿಕ್ಯಾಂ ಮಾತ್ರ. ಮೆಡಿಕಲ್ ಅಂಗಡಿಯಿಂದ ಮನುಷ್ಯರ ಔಷಧಿ ತಂದು ದನಕ್ಕೆ ಚುಚ್ಚಿಸುವವರ ಜೊತೆ ಈಗಲೂ ಜಗಳವಾಡುತ್ತೇನೆ.

ಈ ಕೆಲಸದವನಾದ್ದರಿಂದಲೇ ಕೆರೆಯ ನೀರಿನ ಬಗ್ಗೆ ನನಗೆ ಇನ್ನೊಂದು ಭಯವಿದೆ. 2019ರ ನವೆಂಬರ್‌ನಲ್ಲಿ ರಾಜಸ್ಥಾನದ ಸಾಂಭರ್ ಸರೋವರದಲ್ಲಿ 18 ಸಾವಿರಕ್ಕೂ ಹೆಚ್ಚು ಹಕ್ಕಿಗಳು ಬಾಟ್ಯುಲಿಸಂನಿಂದ ಸತ್ತವು. ಗಾಳಿಯಾಡದ ಬೆಚ್ಚನೆಯ ಕೊಳೆತ ಕೆಸರಿನಲ್ಲಿ ಬೆಳೆಯುವ ಬ್ಯಾಕ್ಟೀರಿಯ ಬಿಡುವ ವಿಷ ಅದು. ವಿಷ ಏರಿದ ಹಕ್ಕಿಯ ರೆಕ್ಕೆ ಬೀಳುತ್ತದೆ, ಕಾಲು ಸೋಲುತ್ತದೆ, ಕೊನೆಗೆ ಕತ್ತು ಎತ್ತಲಾಗದೆ ನೀರಿನಲ್ಲೇ ಮುಳುಗಿ ಸಾಯುತ್ತದೆ. ಆ ಹೆಣದಲ್ಲಿ ಬೆಳೆದ ಹುಳುಗಳನ್ನು ತಿಂದ ಹಕ್ಕಿಯೂ ಸಾಯುತ್ತದೆ. ಸಾರಜನಕ, ರಂಜಕ ಹೆಚ್ಚಿರುವ ನೀರಿನಲ್ಲಿ ಪಾಚಿ ಮತ್ತು ಅಂತರಗಂಗೆ ಹಬ್ಬಿ, ಕೊಳೆತು, ತಳದಲ್ಲಿ ಆಮ್ಲಜನಕ ಇಲ್ಲದಾದರೆ ಇಂಥ ರೋಗಕ್ಕೆ ನೆಲ ಹದವಾದಂತೆ. ಮೂರನೇ ಹಂತದ ಶುದ್ಧೀಕರಣ ಬೇಕೆನ್ನುವುದಕ್ಕೆ ನನ್ನ ಕಾರಣ ಇದೂ ಹೌದು. ಕೆರೆಯಲ್ಲಿ ಎರಡು ಮೂರು ಸತ್ತ ಹಕ್ಕಿಗಳು ಒಟ್ಟಿಗೆ ಕಂಡರೆ ಸುಮ್ಮನೆ ದಾಟಿ ಹೋಗಬೇಡಿ. ಬರಿಗೈಯಲ್ಲಿ ಮುಟ್ಟದೆ, ಅರಣ್ಯ ಇಲಾಖೆಗೂ ಹತ್ತಿರದ ಪಶು ಆಸ್ಪತ್ರೆಗೂ ಅಂದೇ ತಿಳಿಸಿ. ಹೆಣಗಳನ್ನು ಬೇಗ ತೆಗೆದಷ್ಟೂ ಸಾವು ಕಡಿಮೆ.

2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ಒಂದು ಊರಿನ ಕೋಳಿಗಳಲ್ಲಿ ಹಕ್ಕಿಜ್ವರ ಪತ್ತೆಯಾದಾಗ ನಮ್ಮ ಕಡೆಯೂ ಗಾಬರಿ ಹಬ್ಬಿತು. ಪಟಾಕಿ ಹೊಡೆದು ಕೆರೆಯ ಹಕ್ಕಿಗಳನ್ನೆಲ್ಲ ಓಡಿಸೋಣವೇ ಎಂದು ಇಬ್ಬರು ನನ್ನನ್ನೇ ಕೇಳಿದರು. ಓಡಿಸಿದ ಹಕ್ಕಿ ಇನ್ನೊಂದು ಕೆರೆಗೆ ಹೋಗಿ ಕೂರುತ್ತದೆ, ರೋಗ ಇದ್ದರೆ ಅದನ್ನೂ ಹೊತ್ತೊಯ್ಯುತ್ತದೆ. ಕೆರೆಯ ಹಕ್ಕಿಯನ್ನು ಅದರ ಪಾಡಿಗೆ ಬಿಡಿ, ಮನೆಯ ಕೋಳಿಯನ್ನು ಕೆರೆಗೆ ಬಿಡಬೇಡಿ ಎಂದು ಮನೆ ಮನೆಗೆ ಹೇಳಿಕೊಂಡು ಬಂದೆ. ಜನ ಕೇಳಿದರು. ಹಕ್ಕಿಯ ಬಗ್ಗೆ ಒರಟಾಗಿ ಮಾತಾಡುವವರೂ ಕಾರಣ ಹೇಳಿದರೆ ಕೇಳುತ್ತಾರೆ ಎಂಬ ನಂಬಿಕೆ ನನಗೆ ಆಗ ಗಟ್ಟಿಯಾಯಿತು.

ಮೀನಿನ ಗುತ್ತಿಗೆ ಬಂದ ಮೇಲೆ ಬಲೆಯ ಕಾಟ ಶುರುವಾಯಿತು. ಹರಿದ ನೈಲಾನ್ ಬಲೆಯನ್ನು ಜಾಲಿ ಮರಕ್ಕೆ ಸಿಕ್ಕಿಸಿ ಬಿಟ್ಟುಹೋಗುತ್ತಾರೆ. ಕಳೆದ ಬೇಸಿಗೆಯಲ್ಲಿ ಕುರಿ ಕಾಯುವ ಹುಡುಗರು ಒಂದು ಬಣ್ಣದ ಕೊಕ್ಕರೆಯನ್ನು ಟವೆಲಿನಲ್ಲಿ ಸುತ್ತಿ ನನ್ನ ಹತ್ತಿರ ತಂದರು. ನೈಲಾನ್ ದಾರ ಕಾಲಿನ ಗಂಟಿನ ಮೇಲೆ ಮೂರು ಸುತ್ತು ಬಿಗಿದು ಒಳಗೆ ಇಳಿದಿತ್ತು, ಪಾದ ಊದಿಕೊಂಡಿತ್ತು. ಹೊಲಿಗೆ ಬಿಚ್ಚುವ ಕತ್ತರಿಯ ತುದಿಯಿಂದ ಎಳೆ ಎಳೆಯಾಗಿ ತೆಗೆದು, ಗಾಯ ತೊಳೆದು, ಅರಣ್ಯ ಇಲಾಖೆಯವರನ್ನು ಕರೆಸಿ ಒಪ್ಪಿಸಿದೆ. ಬದುಕಿತು. ಬಲೆಯಲ್ಲೇ ಒಣಗಿಹೋದ ಹಾವಕ್ಕಿಗಳನ್ನೂ ನೋಡಿದ್ದೇನೆ. ದ್ರಾಕ್ಷಿ ತೋಟಗಳ ಮೇಲೆ ಹೊದಿಸುವ ತೆಳು ಬಲೆಯಲ್ಲಿ ಪಿಕಳಾರ, ಗೊರವಂಕಗಳ ಕಥೆಯೂ ಇದೇ. ಬಲೆ ಹಾಕಲೇಬೇಕಾದರೆ ಬಿಗಿಯಾಗಿ ಎಳೆದು ಕಟ್ಟಿದ, ಎದ್ದು ಕಾಣುವ ಬಣ್ಣದ ದಪ್ಪ ಎಳೆಯ ಬಲೆ ಹಾಕಿ. ಜೋಲು ಬಿಟ್ಟ ಬಲೆಯೇ ಹಕ್ಕಿಯ ಕಾಲು ಹಿಡಿಯುವುದು. ಇನ್ನು ಬುರ್ಲಿ, ಗೌಜಲಹಕ್ಕಿಗಳಿಗೆ ಉರುಳು ಒಡ್ಡಿ ಡಾಬಾಗಳಿಗೆ ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ತಿನ್ನುವವರು ಇರುವವರೆಗೆ ಹಿಡಿಯುವವರು ಇರುತ್ತಾರೆ, ಅದಕ್ಕೆ ನಾನು ತಿನ್ನುವವರ ಹತ್ತಿರವೇ ಮಾತಾಡುತ್ತೇನೆ.

ಮತ್ತೆ ಕೆರೆಯ ಅಂಚಿಗೆ ಬರುತ್ತೇನೆ. ಕೆರೆಯ ಏರಿ ಕಡೆ ಆಳ, ಎದುರು ಬದಿಯ ಹಿನ್ನೀರಿನ ಕಡೆ ನೀರು ಆಳವಿಲ್ಲದೆ ನಿಧಾನವಾಗಿ ನೆಲಕ್ಕೆ ಸೇರುತ್ತದೆ. ಈಗಿನ ಕೆರೆ ಅಭಿವೃದ್ಧಿ ಎಂದರೆ ಆ ಹಿನ್ನೀರಿನ ಬದಿಯನ್ನೂ ಕಡಿದಾಗಿ ಅಗೆದು, ಸುತ್ತಲೂ ಕಲ್ಲು ಕಟ್ಟಿ, ಅದರ ಮೇಲೆ ನಡಿಗೆ ಪಥ, ಬೇಲಿ, ದೀಪದ ಕಂಬ. ನಡುವೆ ಅಗೆದ ಮಣ್ಣಿನ ಗುಡ್ಡೆ ಹಾಕಿ ಹಕ್ಕಿಗಳಿಗೆ ದ್ವೀಪ ಎಂದು ಬರೆಯುತ್ತಾರೆ. ಕೆರೆ ಆಗ ಬೋಸಿಯಾಗುತ್ತದೆ. ಬೋಸಿಯ ಅಂಚಿನಲ್ಲಿ ಕಾಲಿಡಲು ಕೊಕ್ಕರೆಗೂ ಆಗುವುದಿಲ್ಲ, ಕುರಿಗೂ ಆಗುವುದಿಲ್ಲ. ನಮ್ಮ ಕೆರೆಗೂ ಇಂಥದೇ ಅಂದಾಜುಪಟ್ಟಿ ತಯಾರಾಗಿದೆ.

ಗ್ರಾಮಸಭೆಯಲ್ಲಿ ನಾನು ಇದನ್ನು ವಿರೋಧಿಸಿ ಮಾತಾಡಿದಾಗ ವಯಸ್ಸಾದ ಒಬ್ಬ ಸದಸ್ಯೆ ಎದ್ದು ನಿಂತರು. "ಡಾಕ್ಟರೇ, ಹಕ್ಕಿಗೆ ಅಂಗಳ ಬೇಕು ಅನ್ನುತ್ತೀರಿ. ನಮ್ಮಲ್ಲಿ ಮನೆಗೊಬ್ಬರಿಗೆ ಸಕ್ಕರೆ ಕಾಯಿಲೆ. ಅವರೆಲ್ಲ ಎಲ್ಲಿ ನಡೆಯಬೇಕು?" ಅವರ ಮಾತು ನ್ಯಾಯವಾಗಿತ್ತು. ಏರಿಯ ಮೇಲೆ ನಡೆಯೋಣ ಅಮ್ಮ ಎಂದೆ. ಏರಿ ಮುಕ್ಕಾಲು ಕಿಲೋಮೀಟರ್ ಇದೆ, ಎರಡು ಸಲ ಹೋಗಿ ಬಂದರೆ ಮೂರು ಕಿಲೋಮೀಟರ್ ಆಯಿತು. ಅಲ್ಲಿ ದಾರಿ ಸರಿಮಾಡಿ, ಕೂರಲು ಕಲ್ಲು ಬೆಂಚು ಹಾಕಿ, ಮುಳ್ಳು ಕಡಿಸಿ. ಎದುರು ಬದಿಯನ್ನು ಮಾತ್ರ ಮುಟ್ಟುವುದು ಬೇಡ. ಕುರಿ ಕಾಯುವ ತಾತ ಆಗ ಬಾಯಿ ಬಿಟ್ಟರು. ನೀರು ಬಂದು ಬಾವಿ ತುಂಬಿದ್ದು ಒಳ್ಳೆಯದೇ, ಆದರೆ ಬೇಸಿಗೆಯಲ್ಲಿ ಮೇಯಿಸುವುದಕ್ಕೆ ಇದ್ದ ಅಂಗಳವೂ ಹೋಯಿತು, ಈಗ ಕುರಿ ಹೊಡೆದುಕೊಂಡು ಎಷ್ಟು ದೂರ ಹೋಗಬೇಕು ಎಂದು ಅವರು ಕೇಳಿದರು. ನಾನು ಹೇಳಲು ಬಂದದ್ದನ್ನು ಅವರು ಕುರಿಯ ಕಡೆಯಿಂದ ಹೇಳಿದ್ದರು. ಸಭೆಯಲ್ಲಿ ತಲೆಯಾಡಿಸಿದವರು ಅವರ ಮಾತಿಗೆ, ನನ್ನ ಮಾತಿಗಲ್ಲ. ನನಗೆ ಅದೇ ಸಾಕಾಗಿತ್ತು.

ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ಹೋಗಿಬಂದ ಮೇಲೆ ಊರಿನ ಜನರ ಮೇಲೆ ನನ್ನ ಭರವಸೆ ಇನ್ನೂ ಹೆಚ್ಚಿದೆ. ಅಲ್ಲಿ ಬಣ್ಣದ ಕೊಕ್ಕರೆಗಳೂ ಬೂದು ಬಕಗಳೂ ಮನೆಗಳ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಮೇಲಿನಿಂದ ಹಿಕ್ಕೆ, ಅರೆಜೀರ್ಣವಾದ ಮೀನು ಅಂಗಳಕ್ಕೆ ಬೀಳುತ್ತವೆ, ವಾಸನೆ ಬರುತ್ತದೆ. ಆದರೂ ಊರಿನವರು ಗೂಡಿರುವ ಮರಗಳನ್ನು ಹಕ್ಕಿಗಳಿಗೆ ಬಿಟ್ಟುಕೊಟ್ಟಿದ್ದಾರೆ. ಬಯಲುಸೀಮೆಯಲ್ಲಿ ಹುಣಸೆ ಫಸಲು ಎಂದರೆ ಎಷ್ಟು ದುಡ್ಡು ಎಂದು ಬಲ್ಲವರಿಗೆ ಅದರ ಬೆಲೆ ಗೊತ್ತು. ನಾವು ನಮ್ಮೂರಿನಲ್ಲಿ ಕೇಳುತ್ತಿರುವುದು ಅಷ್ಟು ದೊಡ್ಡದೇನೂ ಅಲ್ಲ.

ಅರ್ಜಿಯಲ್ಲಿ ನಾವು ಬರೆದದ್ದು ಇಷ್ಟು. ಹಿನ್ನೀರಿನ ಬದಿಯಲ್ಲಿ ಅಗೆತವೂ ಕಲ್ಲಿನ ಕಟ್ಟೆಯೂ ದೀಪವೂ ಬೇಡ. ನೀರಿನಲ್ಲಿ ನಿಂತ ಜಾಲಿ ಮರಗಳನ್ನು ಸತ್ತವನ್ನೂ ಸೇರಿಸಿ ಉಳಿಸಬೇಕು. ಮೀನಿನ ಗುತ್ತಿಗೆಯ ಕರಾರಿನಲ್ಲಿ ಹರಿದ ಬಲೆಯನ್ನು ಹೊರಗೆ ತೆಗೆಯುವ ಷರತ್ತು ಸೇರಬೇಕು. ಕೊನೆಯದು ಮುಖ್ಯವಾದದ್ದು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ತೂಬು ಎತ್ತಿ ಕೆರೆಯನ್ನು ನಿಧಾನವಾಗಿ ಮೂರ್ನಾಲ್ಕು ಅಡಿ ಇಳಿಸಿ, ಆ ನೀರನ್ನು ಕಾಲುವೆಯ ಮೂಲಕ ಕೆಳಗಿನ ಕೆರೆಗೆ ಬಿಡಬೇಕು. ಕೆಳಗಿನ ಊರಿನವರು ನೀರು ತಮ್ಮವರೆಗೆ ಬರುತ್ತಿಲ್ಲವೆಂದು ಜಗಳವಾಡುತ್ತಲೇ ಇದ್ದಾರೆ. ನಮಗೆ ಅಂಗಳ ಸಿಗುತ್ತದೆ, ಅವರಿಗೆ ನೀರು ಸಿಗುತ್ತದೆ, ನೀರು ಅಂತರ್ಜಲಕ್ಕೇ ಹೋಗುವುದರಿಂದ ಯೋಜನೆಯ ನಿಯಮವೂ ಮುರಿಯುವುದಿಲ್ಲ. ಕೆಳಗಿನ ಊರಿನ ಪಂಚಾಯಿತಿಯಿಂದಲೂ ಇದೇ ಅರ್ಜಿ ಹೋಗಿದೆ.

ತೂಬನ್ನು ನೋಡಲು ಎಂಜಿನಿಯರ್ ಒಬ್ಬರು ಬಂದಿದ್ದರು. ತುಕ್ಕು ಬಿಡಿಸಿ ಎಣ್ಣೆ ಹಾಕಿದರೆ ಎತ್ತಬಹುದು, ಬಾಗಿಲು ಬದಲಿಸಬೇಕಾಗಿಲ್ಲ ಎಂದರು. ಅಂದಾಜುಪಟ್ಟಿಯ ತಿದ್ದುಪಡಿ ತಾಲ್ಲೂಕು ಕಚೇರಿಯಲ್ಲಿದೆ. ಮುಂದಿನ ಗ್ರಾಮಸಭೆಯಲ್ಲಿ ಮತ್ತೆ ಚರ್ಚೆಗೆ ಬರುತ್ತದೆ. ಅಷ್ಟರೊಳಗೆ ಜನವರಿಯ ಗಣತಿ ಬರುತ್ತದೆ, ಈ ಸಲ ನಮ್ಮ ಕೆರೆಯನ್ನೂ ಕೆಳಗಿನ ಕೆರೆಯನ್ನೂ ಒಂದೇ ಬೆಳಿಗ್ಗೆ ಎಣಿಸಿ ಎರಡೂ ಪಟ್ಟಿಗಳನ್ನು ಸಭೆಯ ಮುಂದಿಡಬೇಕೆಂದಿದ್ದೇವೆ. ನರಸಾಪುರ, ವೇಮಗಲ್ ಸುತ್ತಮುತ್ತಲಿನವರು ಯಾರಾದರೂ ಬರುವುದಾದರೆ ಬೆಳಿಗ್ಗೆ ಆರೂವರೆಗೆ ಏರಿಯ ಮೇಲೆ ಇರಿ. ದುರ್ಬೀನು ಇಲ್ಲದಿದ್ದರೂ ಪರವಾಗಿಲ್ಲ, ನಮ್ಮ ಬಳಿ ಎರಡು ಹೆಚ್ಚಿಗೆ ಇವೆ. ಕೆಂಪು ಬಿಳಿ ಬಟ್ಟೆ ಬೇಡ, ಮಣ್ಣಿನ ಬಣ್ಣದ್ದು ಹಾಕಿಕೊಳ್ಳಿ. ತಿಂಡಿ ರೇಷ್ಮೆ ಅಕ್ಕನ ಮನೆಯಲ್ಲಿ.